ಗೋವಿನಜೋಳದ ಸೊಪ್ಪೆಗೆ ಬೇಲರ್ ಬಾಯಿ ಯಾಕೆ ಕಟ್ಕೊಳ್ಳುತ್ತೆ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ರಾಣೇಬೆನ್ನೂರು ಕಡೆ, 6 ಎಕರೆ ಗೋವಿನಜೋಳ. ಕಂಬೈನ್ ಹಾಕ್ಸಿ ಕೊಯ್ಸಾಯ್ತು, ಸೊಪ್ಪೆ ಸುಡೋದ್ಯಾಕೆ ದನಕ್ಕಾಗುತ್ತಲ್ಲ ಅಂತ ಭತ್ತದ ಹುಲ್ಲು ಕಟ್ಟೋ ರೌಂಡ್ ಬೇಲರ್ ಬಾಡಿಗೆಗೆ ಕರೆಸಿದ್ರೆ ಒಂದು ಎಕರೆ ಮುಗಿಯೋದ್ರೊಳಗೆ 4 ಸಲ ಬಾಯಿ ಕಟ್ಕೊಂಡು ನಿಂತೋಯ್ತು. ಡ್ರೈವರ್ ಪ್ರತಿ ಸಲ ಇಂಜಿನ್ ಆನ್ ಇಟ್ಕೊಂಡೇ ಕೈ ಹಾಕಿ ದಂಟು ಎಳೀತಾನೆ, ನೋಡೋಕೆ ಎದೆ ಝಲ್ ಅನ್ನುತ್ತೆ. ಮಷಿನ್ನೇ ಸರಿ ಇಲ್ವಾ?

ಉತ್ತರ: ಮಷಿನ್ ಮಾತು ಆಮೇಲೆ, ಮೊದ್ಲು ಆ ಕೈ ಹಾಕೋದು ನಿಲ್ಸಿ ಮಾರಾಯ್ರೇ. ಪಿಟಿಓ, ಅಂದ್ರೆ ಟ್ರ್ಯಾಕ್ಟರ್‌ನಿಂದ ಬೇಲರ್‌ಗೆ ತಿರುಗೋ ಶಕ್ತಿ ಕೊಡೋ ಶಾಫ್ಟು, ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಸಿಕ್ಕಾಕಿಕೊಂಡ ದಂಟು ಒಂದ್ಸಲ ಸಡಿಲಾಯ್ತು ಅಂದ್ರೆ ಹಿಡ್ಕೊಂಡ ಕೈನೂ ಜೊತೆಗೇ ಒಳಗೆ, ಬಿಡ್ಬೇಕು ಅಂತ ತಲೆಗೆ ಹೊಳೆಯೋಕೂ ಟೈಮ್ ಸಿಗಲ್ಲ. ಪಿಟಿಓ ಬಿಡಿಸಿ, ಇಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕ್ಕೊಂಡು, ಒಳಗಿನ ತಿರುಗಾಟ ಪೂರ್ತಿ ನಿಂತಮೇಲೇ ಹತ್ರ ಹೋಗ್ಬೇಕು. ಕೀ ಜೇಬಲ್ಲೇ ಯಾಕೆ ಅಂದ್ರೆ ಇವನು ಬಗ್ಗಿ ಕೊಕ್ಕೆಯಿಂದ ಎಳೀತಿರುವಾಗ ಇನ್ನೊಬ್ಬ ಹತ್ತಿ ಸ್ಟಾರ್ಟ್ ಮಾಡ್ಬಾರ್ದಲ್ಲ. ಬೇಲರ್ ಹಿಂದಿನ ಬಾಗಿಲು ಎತ್ತಿದ್ರೆ ಲಾಕ್ ಹಾಕ್ದೆ ಕೆಳಗೆ ಹೋಗ್ಬೇಡಿ. ಹೆಗಲ ಮೇಲಿನ ಟವೆಲ್ಲು, ಇಳಿಬಿಟ್ಟ ಲುಂಗಿ ಶಾಫ್ಟ್ ಹತ್ರ ಬೇಡ್ವೇ ಬೇಡ.

ಇನ್ನು ಕಟ್ಕೊಳ್ಳೋ ವಿಷಯ. ಭತ್ತದ ಹುಲ್ಲು ಮೆತ್ತಗೆ, ಹೆಂಗಂದ್ರೆ ಹಂಗೆ ಸುತ್ಕೊಳ್ಳುತ್ತೆ, ಗೋವಿನಜೋಳದ ದಂಟು ಬಿರುಸು, ಉದ್ದಕ್ಕಿದ್ರೆ ಬಾಯಲ್ಲಿ ಅಡ್ಡ ಕೂರುತ್ತೆ. ಹಾಗಾಗಿ ಮೊದ್ಲು ಸ್ಲಾಷರ್ (ದಂಟು ಕತ್ತರಿಸೋ ಮಷಿನ್) ಹೊಡೆದು ತುಂಡು ಮಾಡಿ, ಒಣಗಿಸಿ, ಆಮೇಲೆ ರೇಕಿಂದ (ಹುಲ್ಲು ಬಾಚಿ ಒಟ್ಟು ಮಾಡೋ ಸಲಕರಣೆ) ಸಾಲು ಮಾಡ್ಬೇಕು. ತೀರಾ ನೆಲಕ್ಕೆ ಹತ್ತಿಸಿ ಹೊಡೆದ್ರೆ ಬೇರು, ಎರೆಮಣ್ಣಿನ ಹೆಂಟೆ ಎಲ್ಲಾ ಸೇರ್ಕೊಂಡು ಬರುತ್ತೆ, ಸೊಪ್ಪೆ ಎತ್ತಿ ಬಾಯಿಗೆ ಹಾಕೋ ಬೇಲರ್‌ನ ಪಿಕಪ್ ಹಲ್ಲುನೂ ಮಣ್ಣು ಕೆರೆಯದಷ್ಟು ಮೇಲಿರ್ಲಿ. ಸಾಲು ಒಂದ್ಕಡೆ ಗುಡ್ಡೆ ಒಂದ್ಕಡೆ ಬರೀ ನೆಲ ಅಂತಿದ್ರೆ ಆ ಗುಡ್ಡೆ ಬಂದಲ್ಲೇ ನಿಲ್ಲೋದು. ಗೇರ್ ಸಣ್ಣದು ಹಾಕಿ, ಪಿಟಿಓ ಸ್ಪೀಡ್ ಇಳಿಸ್ಬೇಡಿ. ನಮ್ಮ ಡ್ರೈವರ್‌ಗಳು ಮಾಡೋದು ಸರಿಯಾಗಿ ಉಲ್ಟಾ, ಒಂದೊಂದು ಕಟ್ಟಿಗೆ ಇಷ್ಟು ಅಂತ ರೇಟ್ ಮಾತಾಡಿದ್ರಂತೂ ಇನ್ನೂ ಜೋರು. ಅದಕ್ಕೇ ಗಂಟೆ ಲೆಕ್ಕದಲ್ಲಿ ಮಾತಾಡಿ.

ಶಿಯರ್ ಬೋಲ್ಟ್ (ಲೋಡ್ ಜಾಸ್ತಿಯಾದ್ರೆ ತಾನೇ ಮುರಿದು ಮಷಿನ್ ಉಳಿಸೋ ಬೋಲ್ಟು) ಪದೇಪದೇ ಕಟ್ ಆಗುತ್ತೆ ಅಂತ ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಜಡಿಯೋರಿದ್ದಾರೆ. 20 ರೂಪಾಯಿ ಉಳಿಸೋಕೆ ಹೋಗಿ ಗೇರ್‌ಬಾಕ್ಸೇ ಕಳ್ಕೊಳ್ಳೋ ಕೆಲಸ ಅದು.

ಪ್ರಶ್ನೆ: ಸೊಪ್ಪೆ ಒಣಗಿದೆ ಅಂತ ಗೊತ್ತಾಗೋದು ಹೆಂಗೆ? ಹೋದ ವರ್ಷ ಬಣವೆ ಒಳಗೆ ಬಿಸಿಯಾಗಿ ಬೂಸ್ಟು ಬಂದಿತ್ತು.

ಉತ್ತರ: ಎಲೆ ನೋಡಿ ಮೋಸ ಹೋಗ್ತೀವಿ, ಎಲೆ ಗರಿಗರಿ ಇದ್ರೂ ದಂಟಿನ ಬುಡದಲ್ಲಿ ನೀರಿರುತ್ತೆ. ಬುಡದ ಗೆಣ್ಣಿನ ಹತ್ರ ಸೀಳಿ ಒಳಗಿನ ಬೆಂಡನ್ನ ಬೆರಳಲ್ಲಿ ಹಿಚುಕಿ, ತಣ್ಣಗೆ ಒದ್ದೆ ಅನ್ಸಿದ್ರೆ ಇನ್ನೂ ಬಿಸಿಲಿಗೆ ಬಿಡಿ. ತೇವ 20%ಕ್ಕಿಂತ ಕಮ್ಮಿ ಇರ್ಬೇಕು. ನವೆಂಬರ್ ಇಬ್ಬನಿಗೆ ಬೆಳಿಗ್ಗೆ 7ಕ್ಕೇ ಬೇಲರ್ ಇಳಿಸ್ಬೇಡಿ, ಬಿಸಿಲೇರ್ಲಿ. ಒಟ್ಟಿದ ಮೇಲೆ ಮೊದಲ ಎರಡು ಮೂರು ವಾರ ಕಬ್ಬಿಣದ ಸರಳು ಒಳಕ್ಕೆ ತೂರಿಸಿ ಕಾಲು ಗಂಟೆ ಬಿಟ್ಟು ಎಳೀರಿ, ಕೈಲಿ ಹಿಡಿಯೋಕಾಗದಷ್ಟು ಸುಟ್ರೆ ಬೆಂಕಿ ದೂರ ಇಲ್ಲ ಅಂತ. ಆಗ ಬಣವೆ ಬಿಚ್ಚೋಕೆ ಮುಂಚೆ ನೀರು ರೆಡಿ ಇಟ್ಕೊಳ್ಳಿ, ಗಾಳಿ ಸಿಕ್ಕ ಕೂಡ್ಲೇ ಭಗ್ ಅನ್ನೋದುಂಟು.