ಪರಂಗಿ ತಿಂದ್ರೂ ಮೋಷನ್ ಆಗ್ತಿಲ್ಲ, ಮೇಡಂ

ಹಾಸನದಲ್ಲಿ ಊಟ-ತಿಂಡಿ ವಿಷಯದಲ್ಲಿ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಕಳೆದ ಮಳೆಗಾಲದಲ್ಲಿ ಸುಮಾರು 40 ವರ್ಷದ ಒಬ್ಬ ಹೆಣ್ಣುಮಗಳು ಬಂದರು. ಬೇಲೂರು ರಸ್ತೆಯ ಹಳ್ಳಿಯವರು. ದಿನಾ ಬಸ್ಸಿನಲ್ಲಿ ಬಂದು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

"ಮೂರು ತಿಂಗಳಿಂದ ರಾತ್ರಿ ಊಟ ಆದ್ಮೇಲೆ ಅರ್ಧ ಪರಂಗಿ ಹಣ್ಣು ತಿಂತಿದೀನಿ ಮೇಡಂ. ಆದ್ರೂ ಮೂರು ದಿನಕ್ಕೊಂದ್ಸಲ ಮೋಷನ್. ಹೊಟ್ಟೆ ಮಾತ್ರ ಡೊಳ್ಳಿನ ಥರ ಊದ್ಕೊಂಡಿರುತ್ತೆ."

ಪರಂಗಿಯಲ್ಲಿ ಪಪೈನ್ ಅನ್ನೋ ಕಿಣ್ವ (ಎಂಜೈಮ್) ಇದೆ, ಅದು ಎಲ್ಲವನ್ನೂ ಕರಗಿಸುತ್ತೆ ಅಂತ ಯಾರೋ ಹೇಳಿದ್ದರಂತೆ. ಪಪೈನ್ ಜಾಸ್ತಿ ಇರುವುದು ಕಾಯಿಯ ಹಾಲಿನಲ್ಲಿ. ಹಣ್ಣಾಗುತ್ತಾ ಅದು ತೀರಾ ಕಡಿಮೆಯಾಗುತ್ತದೆ. ಹಣ್ಣಿನಿಂದ ಹೊಟ್ಟೆಗೆ ಆಗುವ ಉಪಕಾರ ಬಹುಪಾಲು ನಾರು ಮತ್ತು ನೀರಿನದು. 100 ಗ್ರಾಂ ಪರಂಗಿ ಹಣ್ಣಿನಲ್ಲಿ ನಾರು 2 ಗ್ರಾಂ ಹತ್ತಿರ. ಸೀಬೆಯಲ್ಲಿ, ಸಪೋಟದಲ್ಲಿ 5 ಗ್ರಾಂ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅವರ ಹಿತ್ತಲಲ್ಲೇ ಸೀಬೆ ಮರ ಇದೆ. ಆದರೆ ಬೀಜ ಕರುಳಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಅತ್ತೆ ಹೆದರಿಸಿದ್ದರಿಂದ ನಡುವಿನ ಬೀಜದ ತಿರುಳನ್ನೆಲ್ಲ ಚಮಚದಲ್ಲಿ ಕೆರೆದು ಬಿಸಾಡಿ ತಿನ್ನುತ್ತಿದ್ದರು. ಬೆಳಿಗ್ಗೆ ಏಳೂವರೆ ಬಸ್ಸು, ಬರೀ ಕಾಫಿ. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ. ಮುದ್ದೆ-ಸೊಪ್ಪಿನ ಸಾರು ಭಾನುವಾರಕ್ಕೆ ಮಾತ್ರ.

"ನೀರು ಎಷ್ಟು ಕುಡೀತೀರಾ?" ಅಂದೆ. ಅವರು ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಸಂಜೆ ಐದು ಗಂಟೆ. ಬೆಳಿಗ್ಗೆ ತುಂಬಿಸಿದ್ದು, ಕತ್ತಿನ ತನಕ ಹಾಗೇ ಇತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅಂಗಡಿಯ ಟಾಯ್ಲೆಟ್ ಮೇಲಿನ ಮಹಡಿಯಲ್ಲಿದೆ. ಕೀಲಿ ಮಾಲೀಕರ ಜೇಬಿನಲ್ಲಿ. ಗಿರಾಕಿಗಳ ಮುಂದೆ ಕೇಳೋಕೆ ನಾಚಿಕೆ. ಹಾಗಾಗಿ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಮೋಷನ್ ಬಂದರೂ ತಡೆದುಕೊಳ್ಳುತ್ತಾರೆ. ತಡೆದಷ್ಟೂ ಮಲದಲ್ಲಿನ ನೀರನ್ನು ದೊಡ್ಡ ಕರುಳು ಹೀರಿ ಅದನ್ನು ಗಟ್ಟಿ ಮಾಡುತ್ತದೆ. ಹೀಗೆ ಕಟ್ಟಿರುವ ಹೊಟ್ಟೆಗೆ ರಾತ್ರಿ ಒಂದೇ ಸಲ ಅರ್ಧ ಹಣ್ಣು ತುಂಬಿದರೆ ಉಬ್ಬರ ಬರದೇ ಇರುತ್ತಾ? ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ದಿನ ಅವರು ತಪ್ಪು ತಮ್ಮ ಹೊಟ್ಟೆಯದೇ ಅಂದುಕೊಂಡಿದ್ದರು.

ಎದ್ದು ಹೊರಡುವಾಗ ಇನ್ನೊಂದು ಮಾತು ಬಂತು. ರಕ್ತ ಕಮ್ಮಿ ಇದೆ ಅಂತ ಐರನ್ ಮಾತ್ರೆ ನುಂಗುತ್ತಿದ್ದಾರೆ. ಅದರಿಂದಲೂ ಎಷ್ಟೋ ಜನರಿಗೆ ಮಲ ಕಟ್ಟುತ್ತದೆ. ಮತ್ತೆ ಕೂರಿಸಿದೆ.

ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೇ ಹೇಳಿ, ಥೈರಾಯ್ಡ್ ಕೂಡ ನೋಡಿಸಿ ಅಂದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇದೆಯಾ ಅಂತ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಹಣ್ಣಿನ ಮಾತು ಬಿಟ್ಟು ಆಸ್ಪತ್ರೆಗೆ ಕಳಿಸುತ್ತಿದ್ದೆ.

ಬೆಳಿಗ್ಗೆ ಇಪ್ಪತ್ತು ನಿಮಿಷ ಬೇಗ ಏಳುವುದು ಅಂತ ಮಾಡಿದೆವು. ಎದ್ದ ಕೂಡಲೇ ಒಂದು ಲೋಟ ನೀರು, ಎರಡು ಬೆರಳಗಲದ ಎರಡು ಹೋಳು ಪರಂಗಿ, ಜೊತೆಗೆ ರಾಗಿ ರೊಟ್ಟಿಯೋ ಇಡ್ಲಿಯೋ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ದೊಡ್ಡ ಕರುಳು ತಾನೇ ಚುರುಕಾಗುತ್ತದೆ. ಆ ಹತ್ತು ನಿಮಿಷ ಟಾಯ್ಲೆಟ್ಟಿಗೆ ಮೀಸಲು. ಕಮೋಡ್ ಆದರೆ ಕಾಲ ಕೆಳಗೆ ಗಿಡ್ಡ ಮಣೆ ಇಟ್ಟುಕೊಳ್ಳಿ ಅಂದೆ. ಸಂಜೆ ನಾಲ್ಕಕ್ಕೆ ಒಂದು ಸೀಬೆಹಣ್ಣು, ಬೀಜ ಸಮೇತ, ಚೆನ್ನಾಗಿ ಅಗಿದು. ರಾತ್ರಿ ಬೇಕೆನಿಸಿದರೆ ಚೆನ್ನಾಗಿ ಮಾಗಿದ ಒಂದು ಪುಟ್ಟಬಾಳೆ. ಹಲಸಿನ ತೊಳೆ ಎರಡು-ಮೂರು ಸಾಕು, ಅವರಿಗೆ ಅದು ಗ್ಯಾಸ್ ಮಾಡುತ್ತದೆ. ಈ ಅಳತೆ ಅವರಿಗೆ ಹೇಳಿದ್ದು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹಣ್ಣಿನ ಲೆಕ್ಕ ಹಾಕಬೇಕು.

ಕೀಲಿಯ ವಿಷಯವೇ ಕಷ್ಟದ್ದು. ಅಲ್ಲಿ ಇನ್ನಿಬ್ಬರು ಹೆಂಗಸರಿದ್ದಾರೆ. ಒಬ್ಬರೇ ಕೇಳಬೇಡಿ, ಮೂವರೂ ಸೇರಿ ಮಾಲೀಕರ ಮನೆಯವರನ್ನು ಕೇಳಿ ಅಂದೆ. ಆ ಮಾತನ್ನು ಇಲ್ಲೇ ನನ್ನ ಮುಂದೆ ಎರಡು ಸಲ ಹೇಳಿಸಿದೆ. ಮೊದಲ ಸಲ ದನಿಯೇ ಹೊರಡಲಿಲ್ಲ.

ಆರು ವಾರದ ನಂತರ ಬಂದರು. ಥೈರಾಯ್ಡ್ ನಾರ್ಮಲ್. ಡಾಕ್ಟರು ಐರನ್ ಮಾತ್ರೆ ಬದಲಿಸಿದ್ದಾರೆ. ಮೊದಲ ವಾರ ಗ್ಯಾಸ್ ಜಾಸ್ತಿ ಆಗಿತ್ತಂತೆ, ಆಮೇಲೆ ಇಳಿಯಿತು. ಈಗ ವಾರದಲ್ಲಿ ಐದು ದಿನ ಮೋಷನ್ ಸಲೀಸು. ಕೀಲಿ ಕೌಂಟರ್ ಪಕ್ಕದ ಮೊಳೆಗೆ ಬಂದಿದೆ. ಆದರೆ ಹಬ್ಬದ ರಶ್ ಇದ್ದ ದಿನ ಬಾಟಲಿ ಇನ್ನೂ ತುಂಬಿದ ಹಾಗೇ ಮನೆಗೆ ಹೋಗುತ್ತದೆ. ಮುಂದಿನ ಭೇಟಿಗೆ ಅದೇ ವಿಷಯ ಅಂತ ಬರೆದುಕೊಂಡಿದ್ದೇನೆ.