ಹಸಿರು ನೀರು, ನಸುಕಿನ ಮೀನು: ಹಿತ್ತಲ ಕೊಳದ ಪ್ರಶ್ನೋತ್ತರ

ಪ್ರಶ್ನೆ: ಎರಡು ತಿಂಗಳ ಹಿಂದೆ ಹಿತ್ತಲಲ್ಲಿ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳದ ಕೊಳ ಮಾಡಿಸಿ ಎಂಟು ಗೋಲ್ಡ್‌ಫಿಶ್ ಬಿಟ್ಟೆ. ಮೂರನೇ ವಾರಕ್ಕೇ ನೀರು ಹಸಿರಾಯಿತು. ಎರಡು ಸಲ ಪೂರ್ತಿ ಖಾಲಿ ಮಾಡಿ, ತಿಕ್ಕಿ ತೊಳೆದು, ನಲ್ಲಿ ನೀರು ತುಂಬಿಸಿದೆ. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಏನು ಮಾಡಲಿ?

ದಯವಿಟ್ಟು ತೊಳೆಯುವುದನ್ನು ನಿಲ್ಲಿಸಿ. ನಿಮ್ಮ ಪತ್ರ ಓದುವಾಗ ನನಗೆ ಸಂಕಟವಾದದ್ದು ಹಸಿರು ನೀರಿನ ಬಗ್ಗೆ ಅಲ್ಲ, ಆ ಎರಡು ತೊಳೆತಗಳ ಬಗ್ಗೆ.

ಒಂದು ಗಾಜಿನ ಲೋಟದಲ್ಲಿ ಕೊಳದ ನೀರು ತೆಗೆದು ಬೆಳಕಿಗೆ ಹಿಡಿಯಿರಿ. ಕಸ ಕಾಣದೆ ನೀರಿಗೆ ನೀರೇ ತಿಳಿ ಹಸಿರಾಗಿದ್ದು, ಅರ್ಧ ಗಂಟೆ ಬಿಟ್ಟರೂ ತಳಕ್ಕೆ ಇಳಿಯದಿದ್ದರೆ ಅದು ಒಂಟಿಕೋಶದ ತೇಲು ಪಾಚಿ. ಅದಕ್ಕೆ ಬೇಕಾದ್ದು ಎರಡೇ: ಬಿಸಿಲು ಮತ್ತು ನೀರಿನಲ್ಲಿ ಕರಗಿದ ಗೊಬ್ಬರದಂಶ. ಹೊಸ ಕೊಳದಲ್ಲಿ ಎರಡೂ ಧಾರಾಳ, ಪೈಪೋಟಿಗೆ ಬೇರೆ ಗಿಡವಿಲ್ಲ.

ಮೀನಿನ ಹಿಕ್ಕೆ, ಕಿವಿರು, ಕೊಳೆತ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಕಲ್ಲು, ಗೋಡೆ, ಫಿಲ್ಟರಿನ ಸ್ಪಂಜಿನ ಮೇಲೆ ನೆಲೆಯೂರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಗಿಡಗಳು ಉಣ್ಣುತ್ತವೆ. ಈ ಸಂಸಾರ ನೆಲೆಗೊಳ್ಳಲು 4ರಿಂದ 6 ವಾರ ಬೇಕು, ಚಳಿ ಇದ್ದರೆ ಇನ್ನೂ ಹೆಚ್ಚು. ನೀವು ಗೋಡೆ ತಿಕ್ಕಿದಾಗಲೆಲ್ಲ ಲೆಕ್ಕ ಮತ್ತೆ ಒಂದನೇ ದಿನಕ್ಕೆ ಹೋಯಿತು. ಗೋಡೆಗೆ ಕೈಯಾಡಿಸಿದರೆ ಜಾರುವ ಆ ತೆಳು ಲೋಳೆಯಿದೆಯಲ್ಲ, ಅದು ಕೊಳೆಯಲ್ಲ, ಕೊಳದ ಜೀವ.

ಇದನ್ನು ನಾನು ಕಲಿತದ್ದು ಮೀನು ಕಳೆದುಕೊಂಡು. ನನ್ನ ಮೊದಲ ಕೊಳದ ಫಿಲ್ಟರ್ ಸ್ಪಂಜನ್ನು ನಲ್ಲಿಯಡಿ ಹಿಡಿದು, ಕಂದು ಬಣ್ಣವೆಲ್ಲ ಹೋಗುವ ತನಕ ಹಿಂಡಿದೆ. ನಲ್ಲಿ ನೀರಿನ ಕ್ಲೋರಿನ್‌ಗೆ ಅದರಲ್ಲಿದ್ದ ಬ್ಯಾಕ್ಟೀರಿಯಾ ಸತ್ತವು. ಮೂರನೇ ದಿನ ಮೀನುಗಳು ರೆಕ್ಕೆ ಮುದುಡಿ ಮೂಲೆ ಸೇರಿದವು, ವಾರದೊಳಗೆ ನಾಲ್ಕು ಹೋದವು. ಅಂದಿನಿಂದ ಕೊಳದ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಸ್ಪಂಜನ್ನು ಎರಡು ಸಲ ಅದ್ದಿ ಹಿಂಡುತ್ತೇನೆ, ಅಷ್ಟೇ. ಅದು ಕಂದಾಗಿಯೇ ಇರಲಿ.

ಈಗ ನೀವು ಮಾಡಬೇಕಾದ್ದು ನೆರಳು ಕೊಡುವುದು. ನೀರಿನ ಮೇಲ್ಮೈಯ ಅರ್ಧದಷ್ಟಾದರೂ ಎಲೆಯಿಂದ ಮುಚ್ಚಬೇಕು. ದಿನಕ್ಕೆ 5-6 ಗಂಟೆ ನೇರ ಬಿಸಿಲಿದ್ದರೆ ನೈದಿಲೆ ಚೆನ್ನಾಗಿ ಬರುತ್ತದೆ. ಅಗಲ ಬಾಯಿಯ ಕುಂಡಕ್ಕೆ ಜಿಗುಟು ಮಣ್ಣು ಹಾಕಿ, ಗಡ್ಡೆ ನೆಟ್ಟು, ಮೇಲೆ ಒಂದಿಂಚು ಜಲ್ಲಿ ಹರಡಿ ನೀರಿಗಿಳಿಸಿ. ಕಾಂಪೋಸ್ಟ್ ಬೇಡವೇ ಬೇಡ, ಅದು ನೇರ ಪಾಚಿಗೆ ಊಟ. ಜೊತೆಗೆ ಹಾರ್ನ್‌ವರ್ಟ್‌ನಂಥ ಮುಳುಗು ಗಿಡದ ನಾಲ್ಕೈದು ಹಿಡಿ ಬಿಡಿ. ಅಂತರಗಂಗೆಯೂ ಆಗುತ್ತದೆ, ಆದರೆ ಅದು ಬೇಗ ಹಬ್ಬುತ್ತದೆ. ಹೆಚ್ಚಾದದ್ದನ್ನು ಗಿಡದ ಬುಡಕ್ಕೆ ಹಾಕಿ, ಕೆರೆ ಹಳ್ಳಕ್ಕೆ ಎಸೆಯಬೇಡಿ.

ನಿಮ್ಮ ಕೊಳದಲ್ಲಿ ಸುಮಾರು 3,400 ಲೀಟರ್ ನೀರಿದೆ. ವಾರಕ್ಕೆ 350 ಲೀಟರ್ ಬದಲಿಸಿದರೆ ಸಾಕು. ನಲ್ಲಿ ನೀರನ್ನು ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಕ್ಲೋರಿನ್ ಬದಲು ಕ್ಲೋರಮಿನ್ ಎಂಬ ಶುದ್ಧೀಕರಣ ರಾಸಾಯನಿಕ ಬಳಸುವ ಸರಬರಾಜಾದರೆ ಅದು ಹಾಗೆ ಹೋಗುವುದಿಲ್ಲ, ಅದನ್ನು ನಿವಾರಿಸುವ ದ್ರಾವಣ ಬೇಕೇ ಬೇಕು. ತೇಲು ಪಾಚಿ ಕೊಲ್ಲುವ ಯುವಿ (ಅತಿನೇರಳೆ) ದೀಪ ಹಾಕಿದರೆ ನೀರು ಬೇಗ ತಿಳಿಯಾಗುವುದು ನಿಜ, ಆದರೆ ನೀರಿನ ಗೊಬ್ಬರದಂಶ ಹಾಗೇ ಉಳಿಯುತ್ತದೆ. ನೈದಿಲೆಗೆ ಎರಡು ತಿಂಗಳ ಅವಕಾಶ ಕೊಡಿ, ಆಮೇಲೆ ನೋಡೋಣ.

ಪ್ರಶ್ನೆ: ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ. ಒಂಬತ್ತು ಗಂಟೆಗೆ ಎಲ್ಲ ಸರಿ. ನಿನ್ನೆ ಎರಡು ಸತ್ತಿದ್ದವು. ಶಬ್ದವಾಗುತ್ತದೆಂದು ರಾತ್ರಿ ಪಂಪು ನಿಲ್ಲಿಸುತ್ತೇವೆ. ರೋಗವೇ?

ರೋಗವಲ್ಲ, ಉಸಿರುಕಟ್ಟು. ಹಗಲಲ್ಲಿ ಗಿಡ, ಪಾಚಿ ನೀರಿಗೆ ಆಮ್ಲಜನಕ ಕೊಡುತ್ತವೆ. ಕತ್ತಲಾದ ಮೇಲೆ ಅವೂ ಮೀನಿನ ಹಾಗೆ ಅದನ್ನು ಬಳಸುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಕೊಳದಲ್ಲಿ ಆಮ್ಲಜನಕ ದಿನದಲ್ಲೇ ಅತಿ ಕಡಿಮೆ. ಬೇಸಿಗೆ ಇದಕ್ಕೆ ಇನ್ನೊಂದು ಪೆಟ್ಟು: 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ದೊಡ್ಡ ಮೀನಿಗೆ ಬೇಕಾದ್ದು ಹೆಚ್ಚು, ಅದಕ್ಕೇ ಅವು ಮೊದಲು ಹೋದವು.

ಇಂದು ರಾತ್ರಿಯಿಂದಲೇ ಪಂಪು ಓಡಲಿ. ಶಬ್ದ ಬೇಡವಾದರೆ ನೀರು ಬೀಳುವ ಎತ್ತರವನ್ನು ಒಂದು ಗೇಣಿಗೆ ಇಳಿಸಿ, ಬೀಳುವ ಜಾಗದಲ್ಲಿ ಚಪ್ಪಟೆ ಕಲ್ಲಿಡಿ. ಮೇಲ್ಮೈ ಅಲುಗಾಡುತ್ತಿದ್ದರೆ ಆಯಿತು. ಎರಡು ಮೂರು ನಿಮಿಷದಲ್ಲಿ ಮೀನು ಮುಗಿಸುವಷ್ಟೇ ಆಹಾರ ಹಾಕಿ. ಪಾಚಿ ಕೊಲ್ಲುವ ಔಷಧಿಯನ್ನು ಈಗ ಖಂಡಿತ ಹಾಕಬೇಡಿ. ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ನಾಳೆ ನಸುಕಿನಲ್ಲಿ ಟಾರ್ಚ್ ಹಿಡಿದು ಒಮ್ಮೆ ಹೋಗಿ ನೋಡಿ.

ಪ್ರಶ್ನೆ: ಕೊಳ ಮಾಡಿದರೆ ಸೊಳ್ಳೆ ಬರುತ್ತದೆಂದು ಮನೆಯಲ್ಲಿ ವಿರೋಧ.

ಸೊಳ್ಳೆಮರಿ ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಉಸಿರಾಡುತ್ತದೆ. ಅಲೆಯುವ ನೀರಿನಲ್ಲಿ ಅದಕ್ಕೆ ನೆಲೆಯಿಲ್ಲ, ಮೀನಿದ್ದರಂತೂ ಉಳಿಗಾಲವೇ ಇಲ್ಲ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಮೂಲೆಗಳನ್ನು ಇಣುಕಿ ನೋಡಿ. ಮೀನಿಲ್ಲದ ಕೊಳಕ್ಕೆ ಸೊಳ್ಳೆಮರಿ ಕೊಲ್ಲುವ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆ ಸಿಗುತ್ತದೆ, ಕಪ್ಪೆಗೆ ಅದು ತೊಂದರೆ ಕೊಡದು. ಸೊಳ್ಳೆಮರಿ ತಿನ್ನಲೆಂದು ಬಿಡುವ ಗ್ಯಾಂಬೂಸಿಯಾ ಮೀನು ಮಾತ್ರ ಬೇಡ, ಹಳ್ಳ ಸೇರಿದರೆ ಅಲ್ಲಿನ ಮೀನುಮರಿ, ಗೊದಮೊಟ್ಟೆಗಳನ್ನು ತಿನ್ನುತ್ತದೆ. ಅಂದಹಾಗೆ, ಹೂಕುಂಡದ ಕೆಳಗಿನ ತಟ್ಟೆಗಳಲ್ಲಿ ನಿಂತ ನೀರನ್ನು ಮೊದಲು ಚೆಲ್ಲಿ.

ಪ್ರಶ್ನೆ: ನೀರು ಇಂಗದಂತೆ ತಡೆಯುವ ಪ್ಲಾಸ್ಟಿಕ್ ಅಥವಾ ರಬ್ಬರ್ ಹಾಳೆ ಹಾಸಿ ಕೊಳ ಮಾಡಬೇಕೆಂದಿದ್ದೇನೆ. ಎಲ್ಲಿ ತೋಡಲಿ? ಹಾಳೆ ಎಷ್ಟು ಬೇಕು?

ತೋಡುವ ಮುನ್ನ ನೀರಿನ ಪೈಪನ್ನು ಕೊಳದ ಆಕಾರಕ್ಕೆ ನೆಲದ ಮೇಲೆ ಸುತ್ತಿ ಒಂದು ವಾರ ಹಾಗೇ ಬಿಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿ ಬೀಳುತ್ತದೆ, ನೀವು ಹೆಚ್ಚು ಹೊತ್ತು ಕೂರುವ ಕಿಟಕಿಯಿಂದ ಅದು ಕಾಣುತ್ತದೆಯೇ, ನೋಡಿ. ಕಾಣದ ಕೊಳವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಮರದ ಕೆಳಗೆ ಬೇಡ, ಎಲೆಯೂ ಬೇರೂ ಕಾಡುತ್ತವೆ. ಹಿತ್ತಲಿನ ಅತಿ ತಗ್ಗಿನ ಜಾಗವೂ ಬೇಡ. ಮಳೆನೀರು ಮಣ್ಣನ್ನೂ ಗೊಬ್ಬರವನ್ನೂ ಹೊತ್ತು ಒಳಗೆ ಇಳಿಯುತ್ತದೆ, ಅಂತರ್ಜಲ ಮೇಲೆದ್ದರೆ ಹಾಳೆ ಅಡಿಯಿಂದ ಉಬ್ಬುತ್ತದೆ.

ಹಾಳೆಯ ಉದ್ದಕ್ಕೆ ಕೊಳದ ಉದ್ದ, ಆಳದ ಎರಡರಷ್ಟು, ಅಂಚಿಗೆ ಎರಡೂ ಕಡೆ ತಲಾ 30 ಸೆಂಟಿಮೀಟರ್ ಕೂಡಿಸಿ. ಅಗಲಕ್ಕೂ ಹಾಗೇ. ಕೊಳ 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂಟಿಮೀಟರ್ ಆಳವಾದರೆ ಹಾಳೆ 4.8 ಮೀಟರ್ ಉದ್ದ, 3.8 ಮೀಟರ್ ಅಗಲ ಇರಬೇಕು. ಕೋಯಿ ಎಂಬ ದೊಡ್ಡ ಅಲಂಕಾರಿಕ ಮೀನು ಸಾಕುವ ಆಸೆಯಿದ್ದರೆ ಆಳ ಒಂದು ಮೀಟರಿಗಿಂತ ಕಡಿಮೆ ಬೇಡ.

ಅಂಚಿನ ಮಟ್ಟಕ್ಕೆ ಅರ್ಧ ದಿನ ಕೊಡಿ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಸುತ್ತಲೂ ಮಟ್ಟ ನೋಡಿ. ಎರಡು ಸೆಂಟಿಮೀಟರ್ ತಪ್ಪಿದರೂ ಒಂದು ಬದಿಯಲ್ಲಿ ಹಾಳೆ ಕಪ್ಪಗೆ ಇಣುಕುತ್ತದೆ, ತುಂಬಿಸಿದ ಮೇಲೆ ಸರಿಮಾಡುವುದು ತುಂಬಾ ಕಷ್ಟ. ಹಾಳೆ ಹಾಸುವ ಮುನ್ನ ಬರಿಗೈಯಲ್ಲಿ ತಳವನ್ನೆಲ್ಲ ಸವರಿ ಕಲ್ಲಿನ ಚೂರು, ಬೇರಿನ ತುದಿ ತೆಗೆಯಿರಿ. ಕೊನೆಗೆ ಒಂದು ಬದಿಗೆ ಓರೆಯಾಗಿ ಕಲ್ಲು ಜೋಡಿಸಿ. ಬಿದ್ದ ಅಳಿಲು, ಹೊರಗೆ ಬರಬೇಕೆನ್ನುವ ಪುಟ್ಟ ಕಪ್ಪೆ ಅದನ್ನೇ ಹಿಡಿದು ಹತ್ತಿಕೊಳ್ಳುತ್ತವೆ.