ಬೋಲ್ಟ್ ಎಳೆದು ಕೂರಿಸಿದ ಗೇರ್‌ಬಾಕ್ಸ್: ಪಂಪ್ ನೋಡದೆ ಮತ್ತೆ ಏರಿಸಬೇಡಿ

ಪ್ರಶ್ನೆ: ನಮ್ಮ ಆಟೋಮ್ಯಾಟಿಕ್ ಕಾರಿನ ಎಂಜಿನ್‌ನ ಹಿಂದಿನ ಆಯಿಲ್ ಸೀಲ್ ಬದಲಿಸಲು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿದ್ದರು. ಮರಳಿ ಏರಿಸುವಾಗ ಎಂಜಿನ್‌ಗೂ ಅದಕ್ಕೂ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯಿತು. ಬೋಲ್ಟ್ ಬಿಗಿದೇ ಅದನ್ನು ಮುಚ್ಚಿದರು. ಸ್ಟಾರ್ಟ್ ಮಾಡಿದ ಕೂಡಲೇ ಕೊರೆಯುವ ಸದ್ದು ಬಂತು, ಆಫ್ ಮಾಡಿಸಿದೆ. ಈಗ ಮತ್ತೆ ಇಳಿಸಿದ್ದಾರೆ. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಸರಿಯಾಗಿ ಕೂರಿಸಿದರೆ ಸಾಕೇ?
– ಓದುಗರು, ಶಿರಸಿ

ಉತ್ತರ: ಸಾಲದು. ಆಫ್ ಮಾಡಿಸಿದ್ದು ಒಳ್ಳೆಯದಾಯಿತು. ಗೇರ್‌ಬಾಕ್ಸ್ ಹೇಗೂ ಕೆಳಗಿದೆ, ಪಂಪ್ ಬಿಚ್ಚಿಸಿಯೇ ನೋಡಿ.

ಕನ್ವರ್ಟರಿನ ಕತ್ತಿನಲ್ಲಿರುವ ಎರಡು ಕಚ್ಚುಗಳು ಆಯಿಲ್ ಪಂಪಿನ ಒಳಗೇರಿನ ಕಿವಿಗಳಿಗೆ ಸಿಕ್ಕಿಕೊಳ್ಳಬೇಕು. ಸಿಗದಿದ್ದಾಗ ಬೋಲ್ಟ್ ಎಳೆದರೆ ಕತ್ತಿನ ತುದಿ ನೇರವಾಗಿ ಆ ಕಿವಿಗಳನ್ನೇ ಒತ್ತುತ್ತದೆ. ಗೇರು ಬಿರುಕು ಬಿಡುತ್ತದೆ, ಇಲ್ಲವೇ ಹಿಂದಿನ ಕವರಿಗೆ ಉಜ್ಜಿ ಗೀರುತ್ತದೆ. ನೀವು ಕೇಳಿದ ಸದ್ದು ಬಹುಮಟ್ಟಿಗೆ ಅದೇ. ಪಂಪ್ ಸೋತರೆ ಆಯಿಲ್ ಪ್ರೆಷರ್ ಇಲ್ಲ, ಪ್ರೆಷರ್ ಇಲ್ಲದಿದ್ದರೆ ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ.

ಮೊದಲು ಗೇರ್‌ಬಾಕ್ಸ್ ಅಡಿಯ ಆಯಿಲ್ ಚೇಂಬರ್ ಬಿಚ್ಚಿಸಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಕೆಸರು ಸಹಜ. ಚೇಂಬರಿನ ತಳದಲ್ಲಿ ಹೊಳೆಯುವ ಅಲ್ಯೂಮಿನಿಯಂ ಚಕ್ಕೆ ಕಂಡರೆ ಪಂಪಿನ ಮೈ ಕೆತ್ತಿದೆ, ಹಿತ್ತಾಳೆ ಬಣ್ಣದ್ದಾದರೆ ಬುಷ್ (ಶಾಫ್ಟ್ ತಿರುಗುವ ಬಳೆ) ಹೋಗಿದೆ. ಚಕ್ಕೆ ಸಿಕ್ಕರೆ ಕನ್ವರ್ಟರನ್ನೂ ಬದಲಿಸಿ, ಕೂಲರ್ ಪೈಪ್ ಫ್ಲಶ್ ಮಾಡಿಸಿ. ಕನ್ವರ್ಟರಿನ ಹೊಟ್ಟೆಯಲ್ಲಿ ಉಳಿದ ಚೂರು ಹೊರಗಿನಿಂದ ತೊಳೆದರೆ ಪೂರ್ತಿ ಬರುವುದಿಲ್ಲ.

ಪಂಪಿನಲ್ಲಿ ಒಳಗೇರಿನ ಕಿವಿಗಳ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆ ಬಿರುಕಿದ್ದರೂ ಗೇರು ಬದಲಿಸಬೇಕು. ಕನ್ವರ್ಟರಿನ ಕತ್ತಿನ ಮೇಲೆ ಉಗುರು ಎಳೆಯಿರಿ, ಗೀರಿಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿದರೂ ಸೋರುತ್ತದೆ. ಸೀಲ್ ಅಂತೂ ಹೊಸದೇ ಇರಲಿ.

ಎಂಜಿನ್ ಕಡೆಯನ್ನು ಮಾತ್ರ ಹಲವರು ಮರೆಯುತ್ತಾರೆ. ಅದೇ ಒತ್ತಡ ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ಶಾಫ್ಟನ್ನೂ ಮುಂದಕ್ಕೆ ತಳ್ಳಿರುತ್ತದೆ. ಡಯಲ್ ಗೇಜ್ ಇಟ್ಟು ಅದರ ಹಿಂದೆ-ಮುಂದಿನ ಆಟ ಅಳೆಸಿ, ನಿಮ್ಮ ಎಂಜಿನ್ ಮ್ಯಾನುವಲ್‌ನ ಮಿತಿ ದಾಟಿದ್ದರೆ ಆ ಆಟವನ್ನು ತಡೆಯುವ ಥ್ರಸ್ಟ್ ಬೇರಿಂಗ್ ನೋಡಬೇಕು. ಕ್ರ್ಯಾಂಕ್‌ಶಾಫ್ಟಿಗೂ ಕನ್ವರ್ಟರಿಗೂ ನಡುವಿನ ತೆಳು ತಟ್ಟೆ, ಅಂದರೆ ಫ್ಲೆಕ್ಸ್ ಪ್ಲೇಟ್ ಬಾಗಿದೆಯೇ, ಬೋಲ್ಟ್ ತೂತುಗಳ ಸುತ್ತ ಬಿರುಕಿದೆಯೇ, ಅದನ್ನೂ ನೋಡಿ.

ಮತ್ತೆ ಕೂರಿಸುವಾಗ ಕನ್ವರ್ಟರಿಗೆ ಸುಮಾರು 1 ಲೀಟರ್ ಎ.ಟಿ.ಎಫ್. (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸುರಿದು, ಕತ್ತಿಗೂ ಸವರಿ, ತಿರುಗಿಸುತ್ತ ಒತ್ತಿ. ಸಾಮಾನ್ಯವಾಗಿ ಮೂರು ಹಂತದಲ್ಲಿ 'ಟಕ್' ಎಂದು ಒಳಗಿಳಿಯುತ್ತದೆ: ಇನ್‌ಪುಟ್ ಶಾಫ್ಟ್, ಸ್ಟೇಟರ್, ಕೊನೆಗೆ ಪಂಪ್. ಎರಡಕ್ಕೇ ನಿಲ್ಲಿಸುವುದೇ ಈ ಅನಾಹುತದ ಮೂಲ. ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಭಾಗ) ಅಂಚಿಗೆ ನೇರಪಟ್ಟಿ ಇಟ್ಟು ಆಳ ಅಳೆದು ಮ್ಯಾನುವಲ್‌ನ ಅಳತೆಗೆ ಹೋಲಿಸಿ.

ಹೌಸಿಂಗ್ ಕೈಯೊತ್ತಿಗೇ ಎಂಜಿನ್‌ಗೆ ಅಂಟಬೇಕು. ಮಲೆನಾಡಿನ ತೇವಗಾಳಿಗೆ ಡೋವೆಲ್ ಪಿನ್ (ಎರಡನ್ನೂ ನೇರಕ್ಕೆ ಕೂರಿಸುವ ಗೂಟ) ತುಕ್ಕು ಹಿಡಿದೂ ಅಡ್ಡ ಬರಬಹುದು, ಎಮರಿ ಕಾಗದದಿಂದ ಮೊದಲೇ ಉಜ್ಜಿಕೊಳ್ಳಿ. ಅಂಟಿದ ಮೇಲೆ ಕನ್ವರ್ಟರ್ ಸಲೀಸಾಗಿ ತಿರುಗಬೇಕು. ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ಹೆಚ್ಚಿನ ಗಾಡಿಗಳಲ್ಲಿ 3ರಿಂದ 5 ಮಿ.ಮೀ. ಸಂದು ಇರಬೇಕು. ಕೈಯಿಂದ ಮುಂದಕ್ಕೆ ಎಳೆದು ಆಮೇಲೆ ಅದರ ಬೋಲ್ಟ್ ಹಾಕಿ. ಸಂದೇ ಇಲ್ಲದಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಗೇರ್‌ಬಾಕ್ಸ್ ಹಿಂದೆ ಸರಿಸಿ.

ಸ್ಟಾರ್ಟ್ ಆದ ಮೇಲೆ ಪ್ರೆಷರ್ ಗೇಜ್ ಜೋಡಿಸಿ ನೋಡಿಸಿ. ಮೊದಲ ಓಟ ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಇರಲಿ. ಆಯಿಲ್ ಬಿಸಿಯಾದಾಗ ಮಟ್ಟ, ಹೌಸಿಂಗ್ ಅಡಿಯ ಜಿನುಗು ಎರಡನ್ನೂ ನೋಡಿಕೊಂಡ ಮೇಲಷ್ಟೇ ದೇವಿಮನೆ ಘಟ್ಟ ಇಳಿಯಿರಿ.